ಬಲಕ್ಕೆ ಮಾತ್ರ ಹೊರಳುವ ಕುತ್ತಿಗೆ

ಕುತ್ತಿಗೆಯಿಂದ ‘ಲಟಕ್’ ಎಂದು ಸದ್ದು ಬಂದರೆ ನೋವು ಹೋಯಿತು ಎಂದು ನಂಬುವ ಜನ ನಮ್ಮ ಕಡೆ ಇನ್ನೂ ತುಂಬಿಕೊಂಡಿದ್ದಾರೆ. ಹಪ್ಪಳ ಮುರಿದರೂ ಲಟಕ್ ಅನ್ನುತ್ತದೆ. ಹಾಗೆಂದು ಹಪ್ಪಳಕ್ಕೆ ಆರಾಮಾಯಿತು ಅನ್ನುತ್ತೇವೆಯೇ? ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ ಮೇಲೆ ಮೊದಲು ಇದನ್ನೇ ಬರೆಯಬೇಕು ಎಂದುಕೊಂಡೆ. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ಬಯ್ಯಲು ಒಂದು ಬೆರಳು ಸಾಕು.

ಗಂಗಾವತಿಯಿಂದ ಸಾಣಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. ಬಾಣಂತಿಯರಿಗೆ, ಕೂಸುಗಳಿಗೆ, ಮೈ ಹಿಡಿದುಕೊಂಡವರಿಗೆ ಎಣ್ಣೆ ಹಚ್ಚಿ ತೀಡುವುದು ನನ್ನ ಕೆಲಸ. ಮಳೆಗಾಲ ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ ಒಬ್ಬ ತೆಪ್ಪದವನು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಸಾಣಾಪುರದ ಕೆರೆಯಲ್ಲಿ, ಬುಟ್ಟಿಯಂತಹ ದುಂಡನೆಯ ತೆಪ್ಪದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹುಟ್ಟು ಹಾಕುವವನು. ಎಡಗಡೆ ಬಾಗಿಲಲ್ಲಿ ನಿಂತಿದ್ದ ನನ್ನ ಆಡನ್ನು ನೋಡಬೇಕಾದರೆ ಅವನು ಕಾಲಿನಿಂದ ತಲೆಯವರೆಗೆ ಇಡಿಯಾಗಿ ತಿರುಗಿದ. ಕಪಾಟನ್ನು ಸರಿಸಿದ ಹಾಗೆ.

“ನೋಡ್ರಿ ಅಜ್ಜಿ, ಎಡಗಡಿಯಿಂದ ಕರದ್ರ ಹೊಳ್ಳಿ ನೋಡಂಗಿಲ್ಲ,” ಅಂದಳು ಹೆಂಡತಿ. “ಲಗ್ನ ಆದಾಗಿಂದ ಹಂಗ ಅದಾರಲ್ಲ ಅಂತ ನಾ ಸುಮ್ಮನಿದ್ದೆ. ಈಗ ನೋಡಿದ್ರ ಖರೇನ ಬ್ಯಾನಿ ಐತಂತ.”

“ನೀ ಸುಮ್ಮನಿರು,” ಅಂದ ಅವನು. ಅದಕ್ಕೂ ಇಡೀ ಮೈ ತಿರುಗಿಸಬೇಕಾಯಿತು.

ಸಂಗತಿ ಇಷ್ಟು. ನೀರು ಜೋರಾದಾಗ ಕೆರೆಯಲ್ಲಿ ತೆಪ್ಪ ನಿಲ್ಲಿಸುತ್ತಾರೆ. ನಿಲ್ಲಿಸುವುದಕ್ಕೆ ಮುಂಚೆ ಇವನ ತೆಪ್ಪ ಎಡಗಡೆಯಿದ್ದ ಮುಳುಗು ಬಂಡೆಗೆ ಉಜ್ಜಿಕೊಂಡು ಹೋಗಿತ್ತು. ಒಳಗೆ ಕೂತವರು ಕಿರುಚಿದ್ದರು. ಖುಷಿಗಲ್ಲ. ತೆಪ್ಪದವರ ಪೈಕಿ ಹಿರಿಯನಾದವನು ಕರೆದು ಹೇಳಿಬಿಟ್ಟಿದ್ದ: ಕೆರೆ ಮತ್ತೆ ಚಾಲೂ ಆಗುವುದರೊಳಗೆ ಗೋಣು ಎರಡೂ ಕಡೆ ಹೊರಳಬೇಕು. ಇಲ್ಲದಿದ್ದರೆ ಹುಟ್ಟು ಇಟ್ಟು, ದಂಡೆಯ ಮೇಲೆ ಕೂತು ಗಿರಾಕಿಗಳಿಗೆ ತೇಲುವ ಜಾಕೀಟು ಕಟ್ಟು.

“ಜಾಕೀಟು ಕಟ್ಟೂದಾ ಅಜ್ಜಿ, ನಾನು!” ಅಂದ. “ನಮ್ಮಪ್ಪ ಹೊಳ್ಯಾಗ ತೆಪ್ಪ ಹಾಕಿದಾವ.”

“ನಿಮ್ಮಪ್ಪಗ ಗೋಣು ಹೊಳ್ಳತಿತ್ತು,” ಅಂದೆ. “ಕೈ ಜೋಮು ಹಿಡಿತೈತೇನು? ತಲಿ ತಿರಗತೈತೇನು? ಹಿಡದಿದ್ದು ಕೈಯಾಗಿಂದ ಜಾರತೈತೇನು?”

ಯಾವುದೂ ಇಲ್ಲ ಎಂದ. ಆದರೂ ಮೊದಲು ದವಾಖಾನೆಗೆ ಹೋಗು, ಮೂಳೆಯ ಫೋಟೊ ತೆಗೆಸಿಕೊಂಡು ಬಾ ಎಂದು ಅಟ್ಟಿದೆ. ಒಳಗೆ ಏನು ಕೆಟ್ಟಿದೆ ಎಂದು ನೋಡದೆ ಕುತ್ತಿಗೆಗೆ ಕೈ ಹಾಕುವವರು ನನ್ನ ಪ್ರಕಾರ ಕಳ್ಳರಿಗಿಂತ ಕಡೆ. ಕಳ್ಳ ಕತ್ತಿನ ಸರವನ್ನಷ್ಟೇ ಒಯ್ಯುತ್ತಾನೆ.

ಗಂಗಾವತಿಯ ಡಾಕ್ಟರು ನೋಡಿ, ಮೂಳೆಗೆ ಅಪಾಯವಿಲ್ಲ, ಬಹಳ ಕಾಲದಿಂದ ಸ್ನಾಯು ಬಿಗಿದುಕೊಂಡಿದೆ ಎಂದು ಫಿಜಿಯೋಥೆರಪಿಗೆ ಕಳಿಸಿದ್ದರು. ಅಲ್ಲಿ ಬಿಳಿ ಕೋಟಿನ ಒಬ್ಬ ಹುಡುಗಿ ಇವನಿಗೆ ಚಿತ್ರಗಳಿದ್ದ ಕಾಗದ ಕೊಟ್ಟಿದ್ದಳು. ಚಿತ್ರದಲ್ಲಿ ಚಡ್ಡಿ ಹಾಕಿದ ಒಬ್ಬ ಮನುಷ್ಯ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಗದ್ದ ಹಿಂದಕ್ಕೆ ಎಳೆದುಕೊಂಡು, ಎಡಕ್ಕೂ ಬಲಕ್ಕೂ ತಿರುಗಿ ಹಲ್ಲು ಬಿಡುತ್ತಿದ್ದ. ಅವನಿಗೆ ಜನ್ಮದಲ್ಲಿ ಕುತ್ತಿಗೆ ನೋವು ಬಂದಿರಲಿಕ್ಕಿಲ್ಲ. ಬಂದಿದ್ದರೆ ಅಷ್ಟು ಹಲ್ಲು ಕಾಣುತ್ತಿರಲಿಲ್ಲ.

“ನಿಮ್ಮ ತೀಡೂದಕ್ಕೂ ಒಂದು ಮಾತು ಹೇಳ್ಯಾರ್ರಿ,” ಅಂದ ತೆಪ್ಪದವನು. “ಅಜ್ಜಿ ಕೈ ಇಟ್ಟಾಗ ನೀವೂ ಮೆತ್ತಗ ಗೋಣು ಹೊಳ್ಳಸ್ರಿ, ಬರೇ ತೀಡಿಸ್ಕೊಂಡು ಕುಂದರಬ್ಯಾಡ್ರಿ ಅಂದ್ರು.”

“ಹೌದಾ? ನಾ ಹಿಟ್ಟು ನಾದುವಾಗ ಹಿಟ್ಟೂ ಕುಣೀಬೇಕಂತೇನು?” ಅಂದೆ. ಕಾಗದವನ್ನು ಎಣ್ಣೆ ಬಟ್ಟಲಿನ ಕೆಳಗೆ ಇಟ್ಟೆ. ಅದಕ್ಕೆ ಅದು ಹೇಳಿ ಮಾಡಿಸಿದ ಅಳತೆ ಇತ್ತು.

ನನ್ನ ಪದ್ಧತಿ ಬೇರೆ. ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂರಿಸಿ, ಬೆನ್ನೊರಗಿನ ಮೇಲೆ ಕೈ ಮಡಚಿ ಹಣೆ ಇಡಲು ಹೇಳುತ್ತೇನೆ. ಔಡಲ ಎಣ್ಣೆಯನ್ನು ಅಂಗೈಗೆ ಹಿತವಾಗುವಷ್ಟು ಮಾತ್ರ ಬಿಸಿ ಮಾಡುತ್ತೇನೆ. ನೋವಿದ್ದಲ್ಲಿಗೆ ನೇರವಾಗಿ ಹೋಗುವುದಿಲ್ಲ. ಹೆಗಲಿನ ಹಲಗೆಗಳ ನಡುವಿನಿಂದ ಶುರು ಮಾಡಿ, ಹಲಗೆಯ ಅಂಚು ಹಿಡಿದು ಮೇಲಕ್ಕೆ ಬಂದು, ಹೆಗಲಿನ ದಿಬ್ಬ ದಾಟಿ, ಕೊನೆಗೆ ತಲೆಬುರುಡೆಯ ಬುಡದಲ್ಲಿ ಹೆಬ್ಬೆರಳು ಕೂರುವಂತಹ ಕುಣಿಗಳಿರುತ್ತವಲ್ಲ, ಅಲ್ಲಿಗೆ ತಲುಪುತ್ತೇನೆ. ಅಲ್ಲಿ ಒತ್ತಿ ಹಿಡಿದು, ಅವರು ಉಸಿರು ಬಿಡುವುದನ್ನು ಕಾಯುತ್ತೇನೆ. ಉಸಿರಿನ ಜೊತೆ ಗಂಟು ಸಡಿಲುತ್ತದೆ. ಕುತ್ತಿಗೆಯ ಮುಂಭಾಗ ಮುಟ್ಟುವುದಿಲ್ಲ. ಹಿಡಿದು ತಿರುಚುವುದಂತೂ ಇಲ್ಲವೇ ಇಲ್ಲ.

ಇವನ ಕುತ್ತಿಗೆಯ ಬಲಗಡೆ ಒಂದು ಹುರಿ ಇತ್ತು. ತೆಪ್ಪ ಹೆಣೆಯುವ ಬಿದಿರಿನ ದಬ್ಬೆಯಂತೆ ಗಟ್ಟಿ. ಎಡಕ್ಕೆ ಹೊರಳಿದರೆ ಅದೇ ಎಳೆದು ಹಿಡಿಯುತ್ತಿತ್ತು. ತೀಡಿದೆ. ಎದ್ದು ನಿಂತು ಎಡಕ್ಕೆ ಸ್ವಲ್ಪ ಹೊರಳಿದ. ಅವನ ಮುಖ ಅರಳಿತು. ನನ್ನ ಮುಖವೂ ಅರಳಿತು ಎನ್ನಿ. ಹೆಂಡತಿ ಮಾತ್ರ, “ನಾಳಿ ನೋಡೂಣು,” ಅಂದಳು. ಇಂತಹ ಮಾತನ್ನು ಮೊದಲೇ ಆಡಿ, ಆಮೇಲೆ ಅದನ್ನೇ ನಿಜ ಮಾಡಿ ತೋರಿಸುವ ಹೆಂಗಸರನ್ನು ಕಂಡರೆ ನನಗೆ ಆಗುವುದಿಲ್ಲ.

ಮರುದಿನ ಕಪಾಟು ಮತ್ತೆ ಬಾಗಿಲಿಗೆ ಬಂದು ನಿಂತಿತ್ತು.

ಹೀಗೇ ನಡೆಯಿತು. ತೀಡಿದ ದಿನ ಹಗುರ, ಮರುದಿನ ದಬ್ಬೆ. ಕಾಗದದಲ್ಲಿ ಹೇಳಿದ್ದನ್ನಾದರೂ ಮಾಡುತ್ತಿದ್ದೀಯಾ ಎಂದು ಕೇಳಿದೆ, ಅವನ ಆಲಸ್ಯ ಎಷ್ಟಿದೆ ಎಂದು ತಿಳಿಯುವುದಕ್ಕೆ.

“ದಿನಾ ಹುಟ್ಟು ಹಾಕಾವಗ ಮತ್ಯಾಕ್ರಿ ಕಸರತ್ತು? ಅದು ಕುಂತು ತಿನ್ನೋರಿಗೆ.”

“ಅಜ್ಜಿ, ಒಮ್ಮೆ ಮಾಡ್ಯಾರ್ರಿ,” ಅಂದಳು ಹೆಂಡತಿ. “ಉಣ್ಣಾಕ ಕುಂತಾಗ. ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಅಂದೆ. ಎಡಕ್ಕ ಬಲಕ್ಕ ಗೋಣು ಅಲ್ಲಾಡಿಸಿದ್ರು. ಬ್ಯಾಡಂತಾರ ಅಂತ ಬುಟ್ಟಿ ಎತ್ತಿಟ್ಟೆ. ಅವತ್ತು ಬಿಟ್ಟವ್ರು ಮತ್ತ ಮುಟ್ಟಿಲ್ಲ.”

ಇದಾದ ಮೇಲೆ ಅವನು ನಾಲ್ಕಾರು ದಿನ ಬರಲಿಲ್ಲ. ಆಮೇಲೆ ಬಂದಾಗ ಹೆಂಡತಿಯ ತೋಳು ಹಿಡಿದುಕೊಂಡಿದ್ದ. ಮುಖ ಬೆಳ್ಳಗಾಗಿತ್ತು. ಕುರ್ಚಿಯಲ್ಲಿ ಕೂರಿಸಿ ಹಿಂದಿನಿಂದ ನೋಡಿದೆ. ಹಿಂಗತ್ತಿನ ಕೂದಲನ್ನು ಕತ್ತಿಯಿಂದ ಗೆರೆ ಕೊರೆದಂತೆ ತೆಗೆದಿದ್ದರು. ಪೌಡರಿನ ವಾಸನೆ ಬಡಿಯುತ್ತಿತ್ತು.

“ಕಟಿಂಗ್ ಅಂಗಡಿಗೆ ಹೋಗಿದ್ದಿ.”

“ಕಟಿಂಗಿಗೆ ಹೋಗಿದ್ದೆ.”

“ಗೋಣು ತಿರುವಿಸ್ಕೊಂಡಿ.”

ಉತ್ತರ ಕೊಟ್ಟವಳು ಹೆಂಡತಿ: “ಲಟಕ್ ಅಂತಂತ ಅಜ್ಜಿ. ಆಚಿ ಮನಿತನಾ ಕೇಳಿಸ್ತಂತ. ಹೋಗಿ ಎಲ್ಲಾರ ಮುಂದ ಹೇಳ್ಕೊಂಡ್ ಬಂದಾರ, ಭಾಳ ಛಲೋ ಸದ್ದು ಬಂತು ಅಂತ. ಮುಂಜಾನಿ ಏಳಾಕ ಹೋದ್ರ ಮನಿ ತಿರಗಾಕತ್ತೇತಿ ಅಂತಾರ.”

ಹೆದರಿಕೆಯಾಯಿತು. ಬೆರಳು ಕೂಡ ತಾಗಿಸದೆ, ಆಟೊ ತರಿಸಿ ಅವನನ್ನು ನೇರವಾಗಿ ದವಾಖಾನೆಗೆ ಕಳಿಸಿದೆ. ಅವರು ಕಳಿಸಿದ ಸುದ್ದಿ ಬರುವವರೆಗೆ ನಾನು ಹೊಸ್ತಿಲ ಮೇಲೆ ಕೂತು, ಆ ಕ್ಷೌರಿಕನ ಕತ್ತಿಯನ್ನೂ ಇವನ ಬುದ್ಧಿಯನ್ನೂ ಸೇರಿಸಿ ಬಯ್ದೆ. ದೊಡ್ಡ ಅನಾಹುತವಾಗಿರಲಿಲ್ಲ. ಆಗಬಹುದಾಗಿತ್ತು ಎಂದು ಡಾಕ್ಟರು ಅವನಿಗೆ ಚೆನ್ನಾಗಿ ಝಾಡಿಸಿ, ಒಂದು ವಾರ ಕುತ್ತಿಗೆಯನ್ನು ಯಾರ ಕೈಗೂ ಕೊಡಬೇಡ ಎಂದು ಕಳಿಸಿದ್ದರು.

ಆ ವಾರ ನಾನು ಒಂದು ತೀರ್ಮಾನಕ್ಕೆ ಬಂದೆ. ನನ್ನ ಕೈ ಬಿಡಿಸಿದ್ದನ್ನು ಈ ಮನುಷ್ಯ ಎಲ್ಲೋ ಹೋಗಿ ಮತ್ತೆ ಕಟ್ಟಿಕೊಂಡು ಬರುತ್ತಿದ್ದಾನೆ. ಎಲ್ಲಿ ಕಟ್ಟಿಕೊಳ್ಳುತ್ತಾನೆ ಎಂದು ನೋಡುವವರೆಗೆ ಎಣ್ಣೆ ಬಿಸಿ ಮಾಡುವುದಿಲ್ಲ.

ವಾರ ಕಳೆದು ತಲೆಸುತ್ತು ಪೂರಾ ನಿಂತ ಮೇಲೆ ಸಾಣಾಪುರಕ್ಕೆ ಹೋದೆ. ನೀರು ಇಳಿದಿತ್ತು. ಗಿರಾಕಿಗಳನ್ನು ಇನ್ನೂ ಬಿಟ್ಟಿರಲಿಲ್ಲ, ಆದರೆ ತೆಪ್ಪದವರು ದಂಡೆಯ ಹತ್ತಿರ ಆಡಿಸಿಕೊಳ್ಳುತ್ತಿದ್ದರು. ನಾನೂ ಅವನ ಹೆಂಡತಿಯೂ ತೆಪ್ಪದಲ್ಲಿ ಹಿಂದೆ ಕೂತೆವು. ಅವನು ಮುಂದಿನ ಅಂಚಿನಲ್ಲಿ ನಮಗೆ ಬೆನ್ನು ಮಾಡಿ ಕೂತು ಹುಟ್ಟು ಹಾಕಿದ. ಕಣ್ಣು ಕಿರಿದು ಮಾಡಿ ಅವನ ಬೆನ್ನನ್ನೇ ನೋಡಿದೆ. ಹೆಗಲು ಸರಿ. ಸೊಂಟ ಸರಿ.

“ಗಿರಾಕಿನ ಹೆಂಗ ತಿರಗಿಸ್ತಿ, ಹಂಗ ತಿರಗಿಸು. ಹಗೂರಕ,” ಅಂದೆ.

ಎಡಗಡೆಗೆ ಹುಟ್ಟು ಇಳಿಬಿಟ್ಟು ನೀರನ್ನು ಎಳೆದೆಳೆದು ತೆಪ್ಪವನ್ನು ಗಿರಗಿಟ್ಟಲೆಯಂತೆ ತಿರುಗಿಸಿದ. ಇದಕ್ಕಾಗಿ ಎಲ್ಲೆಲ್ಲಿಂದಲೋ ಜನ ಬರುತ್ತಾರಂತೆ. ಬೀಸುಕಲ್ಲಿನ ಮೇಲೆ ಕೂತರೂ ಇದೇ ಸುಖ ಸಿಗುತ್ತದೆ. ಆದರೂ ಕುತ್ತಿಗೆಗೆ ಕೆಡುಕಾಗುವಂಥದ್ದು ಏನೂ ಕಾಣಲಿಲ್ಲ. ಸೋತೆ ಎಂದುಕೊಂಡೆ.

ಅಷ್ಟರಲ್ಲಿ ಹೆಂಡತಿ ಫೋನು ಎತ್ತಿ ಹಿಡಿದು, “ಅಜ್ಜೀ, ಈ ಕಡಿ ನೋಡ್ರಿ, ವಿಡಿಯೋ ತಗೀತೀನಿ,” ಅಂದಳು.

ಕರೆದದ್ದು ನನ್ನನ್ನು. ಹೊರಳಿದ್ದು ಅವನು. ಕೈ ಎಡಕ್ಕೆ ನೀರು ಎಳೆಯುತ್ತಲೇ ಇತ್ತು. ಕುತ್ತಿಗೆ ಮಾತ್ರ ಬಲ ಹೆಗಲ ಮೇಲಿಂದ ಪೂರ್ತಿ ಹಿಂದಕ್ಕೆ ಬಂತು. ಗದ್ದ ಮೇಲೆ. ಹಲ್ಲು ಇದ್ದಷ್ಟೂ ಹೊರಗೆ. ಎಡಕ್ಕೆ ಒಂದು ಬೆರಳಿನಷ್ಟೂ ತಿರುಗದ ಮನುಷ್ಯ ಬಲಕ್ಕೆ ಗೂಬೆಯಾಗಿದ್ದ. ತೆಪ್ಪ ತಿರುಗಿ ತಿರುಗಿ ನಿಲ್ಲುವವರೆಗೂ ಆ ಹಲ್ಲು ಒಳಗೆ ಹೋಗಲಿಲ್ಲ.

“ಲೇ!” ಅಂದೆ. “ಯಾರು ಕಲಿಸಿದ್ರು ಇದನ್ನ?”

“ಯಾವುದನ್ರಿ?”

“ಈ ಹಲ್ಲ ಕಿಸಿಯೂದನ್ನ!”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಎಲ್ಲಾರೂ ಹಿಂಗ ಮಾಡ್ತೀವ್ರಿ ಅಜ್ಜಿ. ಗಿರಾಕಿ ಹಿಂದ ಕುಂತಿರ್ತಾರ. ಅಣ್ಣಾ ಇಲ್ಲಿ ನೋಡಿ ಅಂತಾರ. ಮಾರಿ ತೋರಿಸಲಿಲ್ಲಂದ್ರ ವಿಡಿಯೋ ಕೆಟ್ಟತಂತ ಬ್ಯಾಸರ ಮಾಡ್ಕೊಂತಾರ. ಈಗ ಯಾರರ ಫೋನ್ ಎತ್ತಿದ್ರ ತಾನ ಹೊಳ್ಳತೈತಿ.”

“ಎಡಕ್ಕ ಯಾಕ ಹೊಳ್ಳಂಗಿಲ್ಲ?”

“ಎಡಕ್ಕ ಹುಟ್ಟು ಇರತೈತಲ್ರಿ. ಅಡ್ಡ ಬರತೈತಿ.”

ಇದೇ ಕಾಯಿಲೆ. ಹೊರೆ ಹೊತ್ತು ಬಂದದ್ದಲ್ಲ, ನಾಟಿ ಮಾಡಿ ಬಂದದ್ದಲ್ಲ. ಪರವೂರಿನವರ ಫೋನಿಗೆ ಹಲ್ಲು ತೋರಿಸಿ, ಮೈಯನ್ನು ಒಂದು ಕಡೆಗೂ ಮುಖವನ್ನು ಇನ್ನೊಂದು ಕಡೆಗೂ ತಿರುಚಿಕೊಂಡು, ದಿನವೆಲ್ಲ, ಸುಗ್ಗಿಯೆಲ್ಲ ತಿರುಗಿ ಬಂದದ್ದು. ಮಳೆಗಾಲದಲ್ಲಿ ಗಿರಾಕಿ ಇಲ್ಲದಿದ್ದರೂ ಕುತ್ತಿಗೆ ಎಡಕ್ಕೆ ಹೋಗುವ ದಾರಿಯನ್ನೇ ಮರೆತಿತ್ತು. ನಾನು ಎಷ್ಟು ತೀಡಿದರೇನು, ಹೊಸದಾಗಿ ಸಿಕ್ಕ ಜಾಗಕ್ಕೆ ಅವನು ಒಮ್ಮೆಯೂ ಹೋಗುತ್ತಿರಲಿಲ್ಲ. ಕಸ ಗುಡಿಸಿ ಕೊಟ್ಟ ಕೋಣೆಗೆ ಯಾರೂ ಕಾಲಿಡದಿದ್ದರೆ ಮರುದಿನ ಮತ್ತೆ ಧೂಳು.

ಹಾಗಾಗಿ ಬಸ್ಸು ಹತ್ತಿ, ಇಬ್ಬರನ್ನೂ ಕರೆದುಕೊಂಡು, ಆ ಬಿಳಿ ಕೋಟಿನ ಹುಡುಗಿಯ ಹತ್ತಿರ ಹೋದೆ. ಎಣ್ಣೆ ಕಲೆಯಾದ ಅವಳ ಕಾಗದವನ್ನು ಮೇಜಿನ ಮೇಲೆ ಇಟ್ಟೆ.

“ಅಜ್ಜಿ, ಇದರ ಮ್ಯಾಲ ಏನ್ ಇಟ್ಟಿದ್ರಿ?” ಅಂದಳು.

“ಬಟ್ಟಲು. ಮನ್ಯಾಗ ಕುರ್ಚಿ ಮ್ಯಾಲ ನೆಟ್ಟಗ ಕುಂತು ತಾಸಿಗೊಮ್ಮೆ ಗೋಣು ಅಲ್ಲಾಡಸಂದ್ರ ಯಾವಾನೂ ಮಾಡಂಗಿಲ್ಲ. ಇಂವ ಕಡೀಕ ರೊಟ್ಟಿ ಕಳಕೊಂಡ. ಅದಿರಲಿ ತಂಗಿ, ನಾ ಕೈ ಇಟ್ಟಾಗ ಇಂವ ಹೊಳ್ಳಬೇಕು ಅಂದಿದ್ದಿಯಲ್ಲ. ಹೆಂಗ? ತೋರಸು.”

ಅವನನ್ನು ಕೂರಿಸಿದಳು. ನನ್ನ ಹೆಬ್ಬೆರಳನ್ನು ಅವನ ಕುತ್ತಿಗೆಯ ಹಿಂದೆ, ಬೆನ್ನುಮೂಳೆಯ ಪಕ್ಕದಲ್ಲಿ, ಆ ದಬ್ಬೆಯ ಮೇಲೆ ಇಡಿಸಿ, ಅದರ ಮೇಲೆ ತನ್ನ ಬೆರಳು ಇಟ್ಟಳು. “ಇಷ್ಟ ಭಾರ ಸಾಕ್ರಿ ಅಜ್ಜಿ.”

“ಇದು ನೊಣ ಹೊಡಿಯೂ ಕೈ ಸೈತ ಅಲ್ಲ. ನೊಣಕ್ಕ ಜೋಗುಳ ಹಾಡೂ ಕೈ.”

“ಹಾಡ್ರಿ ಹಂಗಾರ,” ಅಂದಳು. ಬಾಯಿ ಇತ್ತು ಹುಡುಗಿಗೆ. ಅವನ ಕಡೆ ತಿರುಗಿ, “ಮೊದ್ಲು ಬರೇ ಕಣ್ಣು ಎಡಕ್ಕ ಒಯ್ರಿ. ಈಗ ಮೂಗು. ನೋವು ಬರೂಕಿಂತ ಮೊದ್ಲ ನಿಂದರ್ರಿ. ಉಸರು ಬಿಡ್ರಿ. ಅಜ್ಜಿ, ನೀವು ದಬ್ಬಬ್ಯಾಡ್ರಿ, ಜೋಡಿಗೆ ಹೋಗ್ರಿ,” ಅಂದಳು.

ಕಣ್ಣು ಹೋಯಿತು. ಮೂಗು ಹೋಯಿತು. ಅದುವರೆಗೆ ಕಟ್ಟಿಗೆಯಂತಿದ್ದ ಹುರಿ ನನ್ನ ಹೆಬ್ಬೆರಳಿನ ಕೆಳಗೆ ತಾನೇ ಜಾರಿತು. ನಾನು ಒತ್ತಿ ಬಿಡಿಸಿದಾಗ ಹಾಗೆ ಜಾರಿರಲಿಲ್ಲ. ಅವನು ನೆಟ್ಟಗೆ ಬಂದು ಮತ್ತೆ ಎಡಕ್ಕೆ ಹೋದ. ಇನ್ನಷ್ಟು ದೂರ ಹೋದ. ನಾನು ಹುಡುಗಿಯ ಮುಖ ನೋಡಲಿಲ್ಲ. ಅವಳು ನಗುತ್ತಿದ್ದಳು ಎಂದು ನೋಡದೆಯೂ ಗೊತ್ತಿತ್ತು. ಆ ವಯಸ್ಸಿನಲ್ಲಿ ಹೇಳಿದ್ದೆಲ್ಲ ನಿಜವಾಗುವುದು ಕೆಟ್ಟ ಅಭ್ಯಾಸ.

ಅಂದಿನಿಂದ ತೀಡುವುದು ಹೆಗಲು, ಬೆನ್ನು ಬೆಚ್ಚಗಾಗುವಷ್ಟು ಮಾತ್ರ. ಉಳಿದ ಹೊತ್ತು ನನ್ನ ಕೈ ಅವನ ಜೊತೆ ಹೋಗುತ್ತಿತ್ತು. ಆದರೆ ಮನೆಯಲ್ಲಿ ತಾನೇ ಮಾಡಬೇಕಾದದ್ದು ಹಾಗೇ ಉಳಿದಿತ್ತು. ಅವನಿಗೆ ನಾಚಿಕೆ. ನೆರೆಯವರು ನೋಡಿ ನಗುತ್ತಾರಂತೆ. ಪರವೂರಿನವರ ಮುಂದೆ ಹಲ್ಲು ಕಿಸಿಯಲು ಇಲ್ಲದ ನಾಚಿಕೆ!

ಉಪಾಯ ಸಿಕ್ಕಿದ್ದು ತೆಪ್ಪದಲ್ಲೇ. ಒಂದು ಬೆಳಿಗ್ಗೆ ದಂಡೆಯ ಹತ್ತಿರ ಹುಟ್ಟು ಎತ್ತಿಟ್ಟು ನನ್ನ ಜೊತೆ ಜಗಳವಾಡುತ್ತಿದ್ದ. ತೆಪ್ಪ ತನ್ನಷ್ಟಕ್ಕೆ ನಿಧಾನವಾಗಿ ಬಲಕ್ಕೆ ತಿರುಗುತ್ತಿತ್ತು. ಅವನ ಕಣ್ಣು ಎದುರಿನ ಒಂದು ಬಂಡೆಯ ಮೇಲೆ ನೆಟ್ಟಿತ್ತು. ಅಲ್ಲಿ ಒಂದು ಬಕ ಮೀನಿಗೆ ಹೊಂಚು ಹಾಕಿತ್ತು. ಮೈ ತೆಪ್ಪದ ಜೊತೆ ಬಲಕ್ಕೆ ಹೋಯಿತು, ಕಣ್ಣು ಬಂಡೆ ಬಿಡಲಿಲ್ಲ. ಅಂದರೆ ಕುತ್ತಿಗೆ ಎಡಕ್ಕೆ ಹೋಗುತ್ತಿತ್ತು. ಅವನಿಗೇ ಹೊಳೆಯಿತು. ಜಗಳ ಅರ್ಧಕ್ಕೆ ಬಿಟ್ಟು, “ಅಜ್ಜಿ, ನೋವು ಬರವಲ್ದು,” ಅಂದ.

“ಬರೂಕಿಂತ ಮೊದ್ಲ ಬಂಡೆ ನೋಡೂದು ಬಿಡು,” ಅಂದೆ. ಬಿಟ್ಟ. ಕುತ್ತಿಗೆ ನೆಟ್ಟಗೆ ಬಂತು. ತೆಪ್ಪ ಒಂದು ಸುತ್ತು ಮುಗಿಸಿದಾಗ ಮತ್ತೆ ಬಂಡೆ ಹಿಡಿದ. ನಾನು ಹಿಂದೆ ಕೂತು ದಬ್ಬೆಯ ಮೇಲೆ ಹೆಬ್ಬೆರಳು ಇಟ್ಟೆ, ಜೋಗುಳದ ಭಾರದಲ್ಲಿ. ಹುಡುಗಿಗೆ ಫೋನು ಮಾಡಿ ಕೇಳಿದ್ದಕ್ಕೆ, “ಭಾಳ ಛಲೋ ಐತ್ರಿ, ಆದ್ರ ತೆಪ್ಪ ಜೋರ ತಿರಗಬಾರದು, ತಲಿಸುತ್ತು ಬಂದ್ರ ನಿಂದರಸ್ರಿ,” ಅಂದಳು. ಅಂದಿನಿಂದ ಅವನು ದಿನಾ ಬೆಳಿಗ್ಗೆ ಕೆರೆಗೆ ಹೋದ. ಅಲ್ಲಿ ಕಸರತ್ತು ಮಾಡುತ್ತಿದ್ದಾನೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಬಕ ನೋಡುತ್ತಿದ್ದಾನೆ ಎಂದುಕೊಂಡರು.

ಕೆರೆ ಚಾಲೂ ಆಗುವ ಹಿಂದಿನ ದಿನ ಹಿರಿಯ ಬಂದು ತೆಪ್ಪದಲ್ಲಿ ಎಡಗಡೆ ಹಿಂದೆ ಕೂತ. ನಾನು ಬಲಗಡೆ ಕೂತೆ. ನಡು ಕೆರೆಗೆ ಹೋದೆವು.

“ಯಕ್ಕಾ, ಕೈ ಮಡಚಿಟ್ಕೋ. ಇವನ್ನ ಮುಟ್ಟಬ್ಯಾಡ,” ಅಂದ ಹಿರಿಯ. ಆಮೇಲೆ ಅವನಿಗೆ, “ನನ್ನ ಕೈಯಾಗ ಏನೈತಿ ಹೇಳು.”

ತೆಪ್ಪದವನು ಎಡಕ್ಕೆ ಹೊರಳಿದ. ಹೊರಳಿದ್ದು ಹೆಗಲು. ಹಿರಿಯ ಅವನ ಹೆಗಲ ಮೇಲೆ ಕೈ ಒತ್ತಿ ಹಿಡಿದ. “ಇದಲ್ಲ. ಗೋಣು.”

ಅವನ ಹಿಂಗತ್ತು ಬಿಗಿಯಿತು. ನನಗೆ ಕಾಣುತ್ತಿತ್ತು, ದಬ್ಬೆ ಎದ್ದು ಬಂತು. ಹೆದರಿಕೆಗೆ ಕುತ್ತಿಗೆಯೇ ಮೊದಲು ಸಿಗುತ್ತದೆ. ಕೈ ಮಡಚಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ದಂಡೆಯ ಮೇಲೆ ಅವನ ಹೆಂಡತಿ ನಿಂತಿದ್ದಳು. ಅವಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೀಟುಗಳ ರಾಶಿ ಇತ್ತು.

ಅವನು ಅವಸರ ಮಾಡಲಿಲ್ಲ. ಮುಖ ನೆಟ್ಟಗೆ ತಂದ. ಉಸಿರು ಬಿಟ್ಟ. ಕಣ್ಣು ಮೊದಲು ಎಡಕ್ಕೆ ಹೋಗಿರಬೇಕು, ನನಗೆ ಕಾಣಲಿಲ್ಲ. ಕಿವಿ ಸರಿದದ್ದು ಕಾಣಿಸಿತು, ಆಮೇಲೆ ಕೆನ್ನೆ, ಆಮೇಲೆ ಮೂಗು. ಹೆಗಲು ಹಿರಿಯನ ಕೈಯೊಳಗೆ ಅಲುಗಲಿಲ್ಲ.

“ನಿನ್ನ ಎಲಿಅಡಿಕಿ ಸಂಚಿ, ಕಾಕಾ,” ಅಂದ. “ಖಾಲಿ ಐತಿ.”

ಹಿರಿಯ ಸಂಚಿ ಬಿಚ್ಚಿ ನೋಡಿಕೊಂಡ. ಖಾಲಿಯೇ ಇತ್ತು. “ನಾಳಿ ಹುಟ್ಟು ತಗೊಂಡು ಬಾ,” ಅಂದ.

“ಒಂದು ಶರ್ತು ನಂದೂ ಐತಿ,” ಅಂದೆ ನಾನು. “ಫೋಟೊಕ್ಕಂತ ಹಿಂದ ಹೊಳ್ಳಿದ್ರ ನಾನ ಬಂದು ಇವನ್ನ ನೀರಿಗೆ ದಬ್ಬತೀನಿ. ಗಿರಾಕಿಗೆ ಇವನ ಮಾರಿ ಅಷ್ಟು ಬೇಕಂದ್ರ ಮುಂದ ಬಂದು ಎದುರಿಗೆ ಕುಂದರ್ಲಿ. ತೆಪ್ಪ ಎರಡೂ ಕಡಿ ತಿರಗಲಿ, ಒಂದ ಕಡಿ ಅಲ್ಲ.”

“ಯಕ್ಕಾ, ಗಿರಾಕಿ ಏನಂತಾರ?”

“ಕಿರಚತಾರ. ಅದಕ್ಕ ಬಂದಿರ್ತಾರ.”

ನೋವು ಪೂರಾ ಹೋಗಿಲ್ಲ. ಚಳಿ ಬಿದ್ದಾಗ ಹುರಿ ಮತ್ತೆ ಹಿಡಿಯುತ್ತದೆ, ಆಗ ಬರುತ್ತಾನೆ, ಬೈಸಿಕೊಂಡು ತೀಡಿಸಿಕೊಂಡು ಹೋಗುತ್ತಾನೆ. ಆದರೆ ಮುಳುಗು ಬಂಡೆಗೆ ತೆಪ್ಪ ಮತ್ತೆ ತಾಗಿಲ್ಲ. ಎಡಗಡೆಯಿಂದ ಕರೆದರೆ ಈಗಲೂ ಹೊರಳಿ ನೋಡುವುದಿಲ್ಲ ಎಂದು ಹೆಂಡತಿ ದೂರುತ್ತಾಳೆ. ಅದಕ್ಕೆ ನನ್ನಲ್ಲಿ ಎಣ್ಣೆ ಇಲ್ಲ.

ಮೊನ್ನೆ ಅವಳು ಒಂದು ವಿಡಿಯೋ ಕಳಿಸಿದಳು. ಯಾರೋ ಗಿರಾಕಿ ಹಿಂದಿನಿಂದ ತೆಗೆದದ್ದು. “ಅಣ್ಣಾ, ಇಲ್ಲಿ ನೋಡಿ!” ಎಂದು ಅವರು ಕೂಗುವುದು ಕೇಳುತ್ತದೆ. ತೆಪ್ಪ ತಿರುಗುತ್ತದೆ, ಎಲ್ಲರೂ ಕಿರುಚುತ್ತಾರೆ, ಅವನು ನೋಡುವುದಿಲ್ಲ. ವಿಡಿಯೋ ತುಂಬ ಬರೀ ಅವನ ಹಿಂಗತ್ತು. ನೆಟ್ಟಗೆ, ಮೆತ್ತಗೆ, ಎರಡೂ ಕಡೆ ಸಮ. ಮುಖವಿಲ್ಲದ ಇಂತಹ ವಿಡಿಯೋವನ್ನು ಮತ್ತೆ ಮತ್ತೆ ನೋಡುವವಳು ನಾನೊಬ್ಬಳೇ ಇರಬೇಕು.

ಹಾಗೆ ನೋಡುವಾಗಲೇ ಹಿಂದೆ ಇದ್ದ ಬೇರೆ ತೆಪ್ಪಗಳು ಕಂಡವು. ಸಾಲಾಗಿ. ಒಬ್ಬೊಬ್ಬನೂ ಬಲ ಹೆಗಲ ಮೇಲಿಂದ ಹಿಂದಕ್ಕೆ ಹೊರಳಿ, ಗದ್ದ ಎತ್ತಿ, ಹಲ್ಲು ಬಿಟ್ಟುಕೊಂಡು ತಿರುಗುತ್ತಿದ್ದಾನೆ. ಆ ಹಿರಿಯನೂ.

ಬರಲಿ. ಕುರ್ಚಿ ಹಿಂದುಮುಂದಾಗಿ ಹಾಕಿಯೇ ಇಟ್ಟಿದ್ದೇನೆ.